ನಡುಗದ ಮುಳ್ಳು

ಮೊನ್ನೆ ಮಧ್ಯಾಹ್ನ ಬೊರಿವಲಿ ಸ್ಲೋ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನನ್ನೆದುರು ಕೂತಿದ್ದ ಹುಡುಗಿಯೊಬ್ಬಳು ಪರ್ಸಿನಿಂದ ಪುಟ್ಟ ಶೀಶೆ ತೆಗೆದು ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಳ್ಳತೊಡಗಿದಳು. ಗಾಡಿ ಅಷ್ಟು ಕುಲುಕುತ್ತಿದ್ದರೂ ಅವಳ ಕೈ ಅಲುಗಲಿಲ್ಲ. ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಕಿಟಕಿಯತ್ತ ತಿರುಗಿದಳು. ನನಗೋ ಆ ಘಾಟು ವಾಸನೆಯ ಹಿಂದೆಯೇ, ಎಲ್ಲಿಂದಲೋ, ಡೀಸೆಲ್ಲಿನ ವಾಸನೆ ಬಂತು. ಅದರ ಹಿಂದೆ ಸುಟ್ಟ ರಬ್ಬರು, ಬಿಸಿ ತಾಮ್ರ, ಹೆಂಚಿನ ಮೇಲಿನ ಜೋಳದ ರೊಟ್ಟಿ. ಯಾರಿಗಾದರೂ ಹೇಳಿದರೆ ತಲೆ ಕೆಟ್ಟಿದೆ ಎಂದಾರು. ಆದರೆ ನೀವೂ ಹೀಗೆ ಯಾವುದೋ ವಾಸನೆಯ ಕೈಗೆ ಸಿಕ್ಕು, ಇಳಿಯಬೇಕಾದ ಸ್ಟೇಷನ್ ಬಿಟ್ಟು ಮುಂದೆ ಹೋದವರಿರಬಹುದು. ಅಂಥವರಿಗೆ ಇದನ್ನು ಹೇಳುತ್ತಿದ್ದೇನೆ.

ನಮ್ಮ ಮನೆ ದಹಿಸರ್‌ನಲ್ಲಿ, ಹೈವೇಗೆ ಬೆನ್ನು ಹಾಕಿದ ಒಂದು ಗಲ್ಲಿಯಲ್ಲಿತ್ತು. ಮುಂದೆ ಟ್ರಕ್ಕುಗಳ ಡೀಸೆಲ್ ಒತ್ತಡ ತೋರಿಸುವ ಗೇಜುಗಳನ್ನು ರಿಪೇರಿ ಮಾಡುವ ಅಪ್ಪನ ಅಂಗಡಿ, ಹಿಂದೆ ತಗಡಿನ ಮಾಡಿನ ಎರಡು ಕೋಣೆ. ಹೈವೇಯ ತೆರಿಗೆ ನಾಕಾದಲ್ಲಿ ಸಾಲುಗಟ್ಟಿ ನಿಂತ ಟ್ರಕ್ಕುಗಳು ಇಂಜಿನ್ ಬಂದ್ ಮಾಡದೆ ಗುರುಗುಡುತ್ತಿದ್ದವು. ಆ ಗುರುಗುಡು ನೆಲದೊಳಗಿಂದಲೇ ಬಂದು ನಮ್ಮ ಮನೆ ಹೊಗುತ್ತಿತ್ತು. ಗೋಡೆ ಹಲಗೆಯ ಮೇಲಿನ ಸ್ಟೀಲು ಲೋಟಗಳು ಸದಾ ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿದ್ದವು. ವಿಜಾಪುರದ ಕಡೆಯ ಗಟ್ಟಿ ಮಣ್ಣಿನ ಮನೆಯಿಂದ ಬಂದಿದ್ದ ಅವ್ವನಿಗೆ ಮೊದಲ ವರ್ಷವೆಲ್ಲ ನಿದ್ದೆಯೇ ಇರಲಿಲ್ಲವಂತೆ. ಆಮೇಲೆ ಅಪ್ಪ ಹಳೆಯ ಟೈರಿನ ಟ್ಯೂಬು ಕತ್ತರಿಸಿ ಆ ಹಲಗೆಯ ಕೆಳಗೆ, ಕಪಾಟಿನ ಕಾಲಿಗೆ, ನೀರಿನ ಹಂಡೆಯಡಿಗೆ ಎಲ್ಲ ಕಡೆ ರಬ್ಬರು ಕೊಟ್ಟ. ದೇವರ ಫೋಟೋಗಳ ಹಿಂದೆಯೂ ಕೊಟ್ಟ. ನಮ್ಮ ಮನೆಯ ದೇವರೂ ರಬ್ಬರಿನ ಮೇಲೇ ಕೂತಿದ್ದರು. ಅದು ಹೊಟ್ಟೆಪಾಡಿನ ಚಾಳಿ. ಅಪ್ಪನ ಕೆಲಸವೇ ನಡುಕ ತಡೆಯುವುದಾಗಿತ್ತು.

ಡೀಸೆಲ್ ಗಾಡಿಯ ಗೇಜಿನ ಬಾಳು ಸುಖದ ಬಾಳಲ್ಲ. ಪಂಪು ಡೀಸೆಲ್ಲನ್ನು ತಳ್ಳುವುದು ಹೊಳೆಯ ಹಾಗಲ್ಲ, ಒಂದೊಂದೇ ಏಟಾಗಿ. ಪ್ರತಿ ಏಟೂ ಕೊಳವೆಯೊಳಗೆ ಓಡಿಬಂದು ಗೇಜಿನ ಹೊಟ್ಟೆಗೆ ಗುದ್ದುತ್ತದೆ. ಮೇಲಿಂದ ಇಂಜಿನ್ನಿನ ಕುಲುಕಾಟ, ರಸ್ತೆಯ ತಗ್ಗು. ಏನೂ ಕಾಪು ಇಲ್ಲದೆ ಕೂರಿಸಿದರೆ ಮುಳ್ಳು ಹುಚ್ಚು ಹಿಡಿದಂತೆ ಕುಣಿದು, ಒಳಗಿನ ಸಣ್ಣ ಹಲ್ಲುಗಳು ಸವೆದು, ಕೆಲವೇ ತಿಂಗಳಲ್ಲಿ ಗೇಜು ಸಾಯುತ್ತದೆ. ಅದಕ್ಕೇ ಅಪ್ಪ ಗೇಜನ್ನು ಬರೀ ಕಬ್ಬಿಣದ ಮೇಲೆ ಎಂದೂ ಕೂರಿಸುತ್ತಿರಲಿಲ್ಲ, ನಡುವೆ ರಬ್ಬರಿನ ಬಿಲ್ಲೆ ಇಡುತ್ತಿದ್ದ. ಕೊಳವೆಯನ್ನು ನೇರ ತಾರದೆ, ತೆಳು ತಾಮ್ರದ ಕೊಳವೆಯನ್ನು ಚಕ್ಕುಲಿಯಂತೆ ಸುತ್ತಿ, ಏಟು ಆ ಸುತ್ತಿನಲ್ಲೇ ಅರ್ಧ ಸೋಲುವಂತೆ ಮಾಡುತ್ತಿದ್ದ. ಕೊನೆಗೆ, ಗೇಜಿನ ಕುತ್ತಿಗೆಯಲ್ಲಿ ಒಂದು ಪುಟ್ಟ ತಿರುಪು. ಎಲ್ಲ ಇರುವುದು ಆ ತಿರುಪಿನಲ್ಲಿ. ಪೂರ್ತಿ ಸಡಿಲ ಬಿಟ್ಟರೆ ಏಟೆಲ್ಲ ಗೇಜಿಗೇ ಬೀಳುತ್ತದೆ. ಪೂರ್ತಿ ಬಿಗಿದರೆ ದಾರಿಯೇ ಮುಚ್ಚಿ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ. ಡೀಸೆಲ್ ಬರಲಿ ಬಿಡಲಿ, ಇಂಜಿನ್ ಇರಲಿ ಸಾಯಲಿ, ಅದು ಸೊನ್ನೆಗೆ ಇಳಿಯದೆ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಗಿರಾಕಿಗಳಿಗೆ ಅಲುಗದ ಮುಳ್ಳೇ ಇಷ್ಟ. ಅಪ್ಪ ಒಪ್ಪುತ್ತಿರಲಿಲ್ಲ. "ಸಣ್ಣಗ ನಡಗತಿರಬೇಕು. ನಡಗಲಿಲ್ಲಂದ್ರ ಅದು ಸತ್ತೈತಿ ಅಂತ ತಿಳೀರಿ" ಎನ್ನುತ್ತಿದ್ದ. ಹಾಗೆ ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸಿದ ಮೇಲೆ, ರಸ್ತೆಯ ಕುಲುಕಿಗೆ ತಿರುಪು ತಾನೇ ತಿರುಗದಿರಲೆಂದು, ಅದರ ತಲೆಯ ಮೇಲೆ ಉಗುರುಬಣ್ಣದ ಒಂದು ಕೆಂಪು ಬೊಟ್ಟು ಇಡುತ್ತಿದ್ದ. ಒಣಗಿದರೆ ಅದೇ ಮುದ್ರೆ. ಗಾಡಿ ಮರಳಿ ಬಂದಾಗ ಮೊದಲು ನೋಡುತ್ತಿದ್ದುದು ಬೊಟ್ಟನ್ನೇ. ಬಿರುಕು ಕಂಡರೆ ಆ ಡ್ರೈವರನನ್ನು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಬೊಟ್ಟು ಒಡೆಯುವುದೆಂದರೆ ನಿನ್ನ ಕೈಯನ್ನು ನಂಬುವುದಿಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ.

ಕಾಕಾ, ಅಂದರೆ ಅಪ್ಪನ ತಮ್ಮ, ಟ್ರಕ್ಕು ಓಡಿಸುತ್ತಿದ್ದ. ಅವನ ಹೆಂಡತಿ ಕಾಕು ಮತ್ತು ಅವನು ನಮ್ಮ ಎರಡನೇ ಕೋಣೆಯಲ್ಲೇ ಇದ್ದರು. ಅವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ನಾನೇ ಅವರಿಬ್ಬರ ಪಾಲಿಗೂ ಮಗಳಾಗಿದ್ದೆ. ಕಾಕಾ ದೊಡ್ಡ ಗಂಟಲಿನ, ದೊಡ್ಡ ನಗೆಯ ಮನುಷ್ಯ. ಮನೆಗೆ ಬಂದರೆ ಲೋಟಗಳ ಪಿಸುಗುಟ್ಟುವಿಕೆ ಕೇಳಿಸುತ್ತಲೇ ಇರಲಿಲ್ಲ. ಅವನ ಗಾಡಿ ಹಳೆಯದು, ಡೀಸೆಲ್ ಟ್ಯಾಂಕಿನ ಒಳಗೆಲ್ಲ ತುಕ್ಕು. ಆ ತುಕ್ಕು ಉದುರಿ ಫಿಲ್ಟರಿನಲ್ಲಿ ಕಟ್ಟಿಕೊಂಡರೆ ಇಂಜಿನ್ನಿಗೆ ಡೀಸೆಲ್ ಸಾಲದೆ ಉಸಿರು ಹಿಡಿಯುತ್ತಿತ್ತು. ಮುಳ್ಳು ಮೆಲ್ಲಗೆ ಇಳಿಯುವುದನ್ನು ನೋಡಿ, ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಫಿಲ್ಟರ್ ತೊಳೆದು ಮುಂದೆ ಹೋಗುವುದು ಅವನ ಪದ್ಧತಿ. ನಾಸಿಕ್ ಕಡೆ ಹೋಗುವಾಗ ಕಸಾರಾ ಘಾಟು ಹತ್ತಬೇಕು. ಸರಕು ಹೇರಿದ ಹಳೇ ಗಾಡಿಯ ಇಂಜಿನ್ ಆ ಏರಿನ ನಡುವೆ ನಿಂತರೆ ಬ್ರೇಕಿನ ಗಾಳಿಯೂ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹಾಗಾಗಿ ಘಾಟಿನ ಟ್ರಿಪ್ ಇದ್ದಾಗಲೆಲ್ಲ ಅಣ್ಣ ಬಂದು ತಿರುಪು ನೋಡದೆ ಕಾಕಾ ಗಾಡಿ ಹೊರಡಿಸುತ್ತಿರಲಿಲ್ಲ. ಅಪ್ಪ ನೋಡಿ, ಬೊಟ್ಟಿಟ್ಟು ಇಳಿದ ಮೇಲೆ, ಇಂಜಿನ್ ಬಂದ್ ಮಾಡಿ ಇಬ್ಬರೂ ಅಂಗಡಿಯ ಬೆಂಚಿನ ಮೇಲೆ ಕೂತು ಒಂದೇ ಬಸಿಯಿಂದ ಚಹಾ ಕುಡಿಯುತ್ತಿದ್ದರು.

ನಮ್ಮ ಮನೆಯ ಇನ್ನೊಂದು ಪದ್ಧತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಹುಚ್ಚಾಟದಂತೆ ಕಂಡೀತು. ನಮ್ಮಲ್ಲಿ ಯಾವ ಕೆಟ್ಟ ಮಾತೂ ಯಾರಿಗೂ ನೇರವಾಗಿ ಹೋಗಿ ತಾಕುವಂತಿರಲಿಲ್ಲ. ಊರಿನಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ಅವ್ವ ಮೊದಲು ಅಪ್ಪನಿಗೆ ಊಟ ಬಡಿಸಿದಳು, ಆಮೇಲೆ ಅಜ್ಜಿಗೆ ಆರಾಮಿಲ್ಲ ಅಂದಳು, ರೈಲು ಹತ್ತಿದ ಮೇಲೆ ಭಾಳ ಆರಾಮಿಲ್ಲ ಅಂದಳು. ಸೊಲ್ಲಾಪುರ ದಾಟಿದ ಮೇಲೆ ಅಪ್ಪನೇ ತಿಳಿದುಕೊಂಡ. ನಾನು ಗಣಿತದಲ್ಲಿ ಫೇಲಾದದ್ದು ಅಪ್ಪನಿಗೆ ತಲುಪುವಷ್ಟರಲ್ಲಿ ಇನ್ನೊಂದು ಪರೀಕ್ಷೆ ಬಂದಿತ್ತು. ಎಲ್ಲರೂ ಎಲ್ಲರಿಗೂ ರಬ್ಬರು ಕೊಡುತ್ತಿದ್ದರು. ಹೊರಗಿನವರು ನಮ್ಮನ್ನು ಎಷ್ಟು ಹೊಂದಿಕೊಂಡು ಇದ್ದಾರೆ ಎಂದು ಹೊಗಳುತ್ತಿದ್ದರು. ಹೌದು, ಹೊಂದಿಕೊಂಡಿದ್ದೆವು. ಆ ಹೊಂದಾಣಿಕೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಅಪ್ಪನ ಬಲಗೈ ಯಾವಾಗ ನಡುಗಲು ಶುರುವಾಯಿತೋ ನನಗೆ ಗೊತ್ತಿಲ್ಲ. ಗೊತ್ತಾಗದಂತೆ ಮನೆಯವರು ನೋಡಿಕೊಂಡರು. ಒಂದು ದಿನದಿಂದ ಅವ್ವ ಅವನ ಲೋಟಕ್ಕೆ ಅರ್ಧವೇ ಚಹಾ ಹಾಕತೊಡಗಿದಳು. ಆರಿ ಹೋಗುತ್ತದೆ, ಮತ್ತೆ ಬಿಸಿಯದು ಕೊಡುತ್ತೇನೆ ಎಂಬ ನೆವ. ಬಸಿ ಮಾಯವಾಯಿತು. ಕಾಕಾ ಗುಂಡಿ ಇಲ್ಲದ ಅಂಗಿಗಳನ್ನು ತಂದುಕೊಟ್ಟು, "ಈಗ ಎಲ್ಲಾರೂ ಹಿಂಥಾವ ಹಾಕತಾರಣ್ಣ" ಅಂದ. ಕಾಕು ರೊಟ್ಟಿಯನ್ನು ಮುರಿದೇ ತಟ್ಟೆಗಿಡುತ್ತಿದ್ದಳು. ಗಡ್ಡಕ್ಕೆ ನಾವಿ ಮನೆಗೇ ಬರತೊಡಗಿದ. ಹೀಗೆ ಎಲ್ಲ ಏಟನ್ನೂ ಮೊದಲೇ ತಡೆದು ತಡೆದು, ತನ್ನ ಕೈ ಎಷ್ಟು ಕೆಟ್ಟಿದೆ ಎಂಬುದು ಅಪ್ಪನಿಗೇ ತಿಳಿಯದಂತೆ ಮಾಡಿಬಿಟ್ಟರು. ಚಳಿಗೆ ಒಂದಿಷ್ಟು ನಡಗತೈತಿ ಎಂದು ಅವನು ಮೇ ತಿಂಗಳಲ್ಲಿ ಹೇಳುತ್ತಿದ್ದ, ನಾವೆಲ್ಲ ತಲೆಯಾಡಿಸುತ್ತಿದ್ದೆವು. ಮಳೆಗಾಲ ಕಳೆಯಲಿ, ಪರೇಲ್‌ನ ದೊಡ್ಡ ಆಸ್ಪತ್ರೆಗೆ ತೋರಿಸೋಣ ಎಂದು ಅವ್ವ ಕಾಕುವಿನ ಹತ್ತಿರ ಮೆಲ್ಲಗೆ ಅನ್ನುವುದನ್ನು ಕೇಳಿದ್ದೆ. ಆದರೆ ಬೊಟ್ಟನ್ನು ಮುಚ್ಚಿಡಲಾಗಲಿಲ್ಲ. ದುಂಡಗೆ ಕೂರುತ್ತಿದ್ದ ಬೊಟ್ಟು ಬಾಲ ಬೆಳೆಸಿತು, ಆಮೇಲೆ ತಿರುಪು ಬಿಟ್ಟು ಗೇಜಿನ ಗಾಜಿಗೂ ಹತ್ತಿತು. "ಇಕಿ ಕೈ ನಾಜೂಕ ಐತ್ರಿ, ಇಕಿನ ಹಚ್ಚಲಿ" ಎಂದು ಅವ್ವ ಶೀಶೆಯನ್ನು ನನ್ನ ಕೈಗೆ ಕೊಟ್ಟಳು. ನನಗೆ ಹಿಗ್ಗೋ ಹಿಗ್ಗು. ಬೊಟ್ಟಿಡುವ ಕೆಲಸ ನನಗೆ ಬಂತು, ತಿರುಪಿನ ಕೆಲಸ ಮಾತ್ರ ಅಪ್ಪನ ಹತ್ತಿರವೇ ಉಳಿಯಿತು.

ಆ ದಿನ ಬೆಳಿಗ್ಗೆ ಮಳೆ ಹಿಡಿದಿತ್ತು. ಕಾಕಾ ನಾಸಿಕ್‌ಗೆ ಹೊರಡುವವನಿದ್ದ, ಗಾಡಿಯ ತುಂಬ ಸಿಮೆಂಟು. ಅಪ್ಪ ಕ್ಯಾಬಿನ್ ಹತ್ತಿ ಗೇಜಿನ ಮುಂದೆ ಕೂತ, ಅವನ ಹಿಂದೆ ಶೀಶೆ ಹಿಡಿದು ನಾನು. ಇಂಜಿನ್ ಗುಡುಗುತ್ತಿತ್ತು. ಕಾಕಾ ಬ್ಯಾಟರಿ ದೀಪ ಹಿಡಿದುಕೊಂಡು ಅಪ್ಪನ ಕೈ ನೋಡದೆ ಹೊರಗಿನ ಮಳೆ ನೋಡುತ್ತಿದ್ದ. ಸ್ಕ್ರೂಡ್ರೈವರಿನ ತುದಿ ತಿರುಪಿನ ಗೆರೆ ಸಿಗದೆ ಅದರ ಸುತ್ತ ಟಕಟಕ ಬಡಿಯುತ್ತಿತ್ತು. ಕೊನೆಗೆ ಸಿಕ್ಕಿತು. ಅಪ್ಪ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ತಿರುಗಿಸಿದ. ಕಣ್ಣೂ ಮಂಜಾಗಿತ್ತೇನೋ, ಮುಖವನ್ನು ಗಾಜಿನ ತನಕ ಒಯ್ದು ಕೇಳಿದ: "ನಡಗತೈತೇನು?" ಕಾಕಾ ಬಾಗಿ ನೋಡಿದ. ನೋಡಿದವನು ದೀಪದ ಬೆಳಕನ್ನು ಗಾಜಿನಿಂದ ಪಕ್ಕಕ್ಕೆ ಸರಿಸಿದ. "ನಡಗತೈತಣ್ಣ. ಸಣ್ಣಗ, ನೀ ಹೇಳ್ತೀಯಲ್ಲ, ಹಂಗ" ಅಂದ. ನಾನು ಬೊಟ್ಟಿಟ್ಟೆ. ಆವತ್ತು ಕಾಕಾ ಇಂಜಿನ್ ಬಂದ್ ಮಾಡಲಿಲ್ಲ. ತಡವಾಯಿತು ಅಂದ. ಅವ್ವ ಕೊಟ್ಟ ಚಹಾವನ್ನು ಕ್ಯಾಬಿನ್ನಿನಲ್ಲೇ ಕೂತು ಕುಡಿದ. ಅಪ್ಪ ಬೆಂಚಿನ ಮೇಲೆ ಒಬ್ಬನೇ ಕೂತು, ಅರ್ಧ ಲೋಟ ಹಿಡಿದು ಕಾಯುತ್ತಿದ್ದ. ಖಾಲಿ ಲೋಟ ನನ್ನ ಕೈಗೆ ಕೊಡುವಾಗ ಕಾಕಾ ನನ್ನ ಕೆನ್ನೆ ಹಿಂಡಿದ. ಗಾಡಿ ಗಲ್ಲಿಯಿಂದ ಹೊರಳಿತು.

ಗಲ್ಲಿಯ ತುದಿಯಲ್ಲಿ ಕಾಕು ರೊಟ್ಟಿಯ ಗಂಟು ಹಿಡಿದು ನಿಲ್ಲುವುದು ವಾಡಿಕೆ. ಅವಳು ತಿರುಗಿ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಯ ಪಕ್ಕ ಕೂತು ಪಾಟಿಚೀಲ ಒಣಗಿಸುತ್ತಿದ್ದೆ. ಕಾಕು ಸೆರಗಿನಿಂದ ತಲೆ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ಅಲ್ಲಿ ಬಂದು ಗಾಡಿ ಬಂದ್ ಮಾಡಿ ತೋರಿಸಿದ್ರಕ್ಕ. ಮುಳ್ಳು ಇಳೀಲೇ ಇಲ್ಲ. ನಿಂತಲ್ಲೇ ನಿಂತೈತಿ." ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು.

"ಸಡ್ಲ ಮಾಡಿಕೊಂಡು ಹೋಗಬೇಕಿತ್ತಿಲ್ಲ?"

"ನಾನೂ ಅದನ್ನ ಅಂದ್ನಿ. ಬೊಟ್ಟು ಒಡದ್ರ ಅಣ್ಣಗ ತಿಳೀತೈತಿ, ಕೈ ಹೋತು ಅಂತ ಎದಿ ಒಡಕೋತಾನ ಅಂದ್ರು. ಇದೊಂದ ಟ್ರಿಪ್ ಇಂಜಿನ್ ಸಪ್ಪಳಾ ಕೇಳಕೋತ ಹೋಗ್ತೀನಿ, ಬಂದ ಮ್ಯಾಲ ಏನರ ನೆವಾ ಹೇಳಿ ಬ್ಯಾರೆ ಕಡೆ ಹೊಸಾದು ಹಾಕಸೂಣು ಅಂದ್ರು."

ಅವ್ವ ಹೆಂಚಿನ ಮೇಲಿನ ರೊಟ್ಟಿ ಹೊರಳಿಸಿದಳು. "ಇವ್ರ ಮುಂದ ಅನ್ನಬ್ಯಾಡ ಮತ್ತ" ಅಂದಳು. ಕಾಕು ತಲೆಯಾಡಿಸಿದಳು. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಎಷ್ಟು ಪ್ರೀತಿಯ ಮನೆ ನೋಡಿ. ಬೊಟ್ಟು ಒಡೆದು, ಸಡಿಲಿಸಿ, ಅದೇ ಶೀಶೆಯಿಂದ ಹೊಸ ಬೊಟ್ಟು ಇಟ್ಟರಾಯಿತು ಎಂಬ ಸರಳ ಮಾತು ಅಲ್ಲಿದ್ದ ದೊಡ್ಡವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಪ್ಪನ ಮುದ್ರೆ ಎಂದರೆ ಅಪ್ಪನ ಮುದ್ರೆ. ಅಂದು ಇಡೀ ದಿನ ಮಳೆ ಬಿಡಲಿಲ್ಲ. ನಾಕಾದ ಹತ್ತಿರ ನೀರು ನಿಂತು ಟ್ರಕ್ಕುಗಳು ಬರುವುದೇ ನಿಂತಿತ್ತು, ಹಾಗಾಗಿ ಮನೆಯ ಲೋಟಗಳು ಎಂದೂ ಇಲ್ಲದಂತೆ ಸುಮ್ಮನಿದ್ದವು. ಅಪ್ಪ ಅಂಗಡಿಯಲ್ಲಿ ಕೂತು ರಬ್ಬರು ಕತ್ತರಿಸುತ್ತಿದ್ದ. ಕಾಕು ಮತ್ತೆ ಮತ್ತೆ ಬಾಗಿಲಿಗೆ ಹೋಗಿ ಬಂದಳು. ನಾನು ಶಾಲೆಗೆ ಹೋಗಲಿಲ್ಲ.

ಸುದ್ದಿ ಮರುದಿನ ಮಧ್ಯಾಹ್ನ ಎದುರಿನ ಟೈರ್ ಅಂಗಡಿಯ ಫೋನಿಗೆ ಬಂತು. ಅಂದಿಗೂ ಮನೆಯ ಪದ್ಧತಿ ತಪ್ಪಲಿಲ್ಲ: ಮೊದಲು ಗಾಡಿ ಕೆಟ್ಟಿದೆ ಅಂದರು, ಆಮೇಲೆ ಪೆಟ್ಟಾಗಿದೆ ಅಂದರು, ಕಸಾರಾ ಕಡೆ ಹೊರಟ ಜೀಪಿನಲ್ಲಿ ಕೂತ ಮೇಲೆ ಕಾಕು ಯಾರೂ ಹೇಳದೆಯೇ ಬಳೆ ತೆಗೆದು ಅವ್ವನ ಮಡಿಲಿಗೆ ಹಾಕಿದಳಂತೆ. ನಡೆದದ್ದನ್ನು ಕಾಕಾನ ಜೊತೆಗಿದ್ದ ಕ್ಲೀನರ್ ಅವ್ವ, ಕಾಕು ಇಬ್ಬರಿಗೇ ಹೇಳಿದ, ಗೇಜಿನ ಮಾತನ್ನು ಅವರು ಅಪ್ಪನ ತನಕ ಹೋಗಗೊಡಲಿಲ್ಲ. ಅವನು ಕಾಕಾನಿಗಿಂತ ವಯಸ್ಸಾದ ಮರಾಠಿ ಮನುಷ್ಯ. ಘಾಟಿನ ಅರ್ಧದಲ್ಲಿ ಇಂಜಿನ್ ಒಮ್ಮೆ ಕೆಮ್ಮಿತು. ಮಳೆಯ ಅಬ್ಬರದಲ್ಲಿ ಸರಿಯಾಗಿ ಕೇಳಲಿಲ್ಲ. ಕಾಕಾ ಗೇಜಿನತ್ತ ನೋಡಿದ, ಮುಳ್ಳು ನೆಟ್ಟಗಿತ್ತು. ಡೀಸೆಲ್ ಬರಾಬರ್ ಇದೆ, ಮುಂದಿನ ತಿರುವಿನಲ್ಲಿ ನಿಲ್ಲಿಸೋಣ ಅಂದನಂತೆ. ಅದು ಸತ್ತ ಮುಳ್ಳೆಂದು ಅವನಿಗೆ ಗೊತ್ತಿತ್ತು. ಆದರೂ ಅಷ್ಟು ವರ್ಷ ನಂಬಿದ ಕಣ್ಣು, ಹೆದರಿಕೆಯ ಹೊತ್ತಿನಲ್ಲಿ, ಅಲ್ಲಿಗೇ ಹೋಯಿತು. ತಿರುವಿಗೆ ಮುಂಚೆಯೇ ಇಂಜಿನ್ ನಿಂತಿತು. ಕ್ಲೀನರ್ ಚಕ್ರಕ್ಕೆ ಕಲ್ಲು ಕೊಡಲು ಕೆಳಗೆ ಹಾರಿದ. ಅಷ್ಟರಲ್ಲಿ ಗಾಡಿ ಹಿಂದೆ ಸರಿಯತೊಡಗಿತ್ತು. ಕಾಕಾ ಇಳಿಯಲಿಲ್ಲ, ಹಿಂದೆ ಬರುತ್ತಿದ್ದ ಬಸ್ಸಿಗೆ ತಾಕದಂತೆ ಸ್ಟೇರಿಂಗ್ ಹಿಡಿದೇ ಇದ್ದನಂತೆ. ಗಾಡಿ ಅಂಚಿನ ಕಟ್ಟೆ ಒಡೆದು ಕೆಳಗೆ ಹೋಯಿತು.

ಕಾಕಾನ ದಿನಕರ್ಮಗಳು ಮುಗಿದ ಮೇಲೆ ಒಂದು ಸಂಜೆ ಅಪ್ಪ ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತ. ಒಳಗೆ ಕಾಕು ಒಬ್ಬಳೇ ಬೇಳೆ ಆರಿಸುತ್ತಿದ್ದಳು, ನಾನು ಅವಳ ಬೆನ್ನಿಗೆ ಒರಗಿದ್ದೆ. ಅಪ್ಪ ಬಲಗೈಯನ್ನು ಬಗಲಲ್ಲಿ ಒತ್ತಿ ಹಿಡಿದಿದ್ದ. ಅವನ ಮುಖ ನೋಡಿದರೆ ಊಟ ಮಾಡಿ ಎಷ್ಟೋ ದಿನವಾದಂತಿತ್ತು.

"ತಂಗೀ, ಒಂದ ಮಾತು ಕೇಳ್ತೀನಿ. ಆವತ್ತ ಹೋಗುಮುಂದ ಅಂವ ಮುಳ್ಳಿನ ಸುದ್ದಿ ಏನರ ಅಂದನೇನು?"

ಕಾಕುವಿನ ಬೆನ್ನು ಬಿಗಿಯಾದದ್ದು ನನ್ನ ಕೆನ್ನೆಗೆ ತಿಳಿಯಿತು. ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಭಾಳ ಛಲೋ ಆಗೇತಿ ಅಂದ್ರು, ಭಾವಾರ. ಅಣ್ಣನ ಕೈ ಹೆಂಗಿತ್ತೋ ಹಂಗ ಐತಿ ಅಂದ್ರು."

"ನಡಗತಿತ್ತಂತೇನು?"

"ಹೂಂ ರಿ. ಸಣ್ಣಗ."

ಅಪ್ಪ ಬಾಗಿಲ ಚೌಕಟ್ಟಿಗೆ ತಲೆ ಒರಗಿಸಿ ನಿಂತ. ಅವನ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಂತು, ಬದುಕಿದೆ ಎನ್ನುವವನ ಉಸಿರು. ಆಮೇಲೆ ತನಗೇ ಹೇಳಿಕೊಳ್ಳುವಂತೆ ಅಂದ: "ಹಂಗಾದ್ರ ಘಾಟಿನ್ಯಾಗ ಇಳಿದಿರಬೇಕು ಮುಳ್ಳು. ಅಂವ ನೋಡಲಿಲ್ಲ." ಕಾಕು ಬೇಳೆಯಿಂದ ಕಲ್ಲು ತೆಗೆದು ಪಕ್ಕಕ್ಕಿಟ್ಟಳು.

ಆ ಮಾತು ನಮ್ಮ ಮನೆಯಲ್ಲಿ ಉಳಿದುಬಿಟ್ಟಿತು. ಬಂದ ಡ್ರೈವರುಗಳಿಗೆಲ್ಲ ಅಪ್ಪ ಬುದ್ಧಿ ಹೇಳುವಾಗ ತಮ್ಮನ ಹೆಸರು ತೆಗೆಯುತ್ತಿದ್ದ. ಗೇಜು ಸರಿಯಿತ್ತು, ಮುಳ್ಳು ಹೇಳುತ್ತಿತ್ತು, ಇವನೇ ನೋಡಲಿಲ್ಲ, ಮೊದಲಿಂದಲೂ ಹುಡುಗಾಟದ ಸ್ವಭಾವ ಎನ್ನುತ್ತಿದ್ದ. ಸಿಟ್ಟಿನಿಂದಲ್ಲ, ಕಣ್ಣಲ್ಲಿ ನೀರು ತಂದುಕೊಂಡೇ ಹೇಳುತ್ತಿದ್ದ. ತೆರೆದ ಬಾಗಿಲಿನ ಆಚೆ ಕಾಕು ಪಾತ್ರೆ ತೊಳೆಯುತ್ತ ಅದನ್ನೆಲ್ಲ ಕೇಳುತ್ತಿದ್ದಳು. ನಾನು ದೊಡ್ಡವಳಾಗುತ್ತ ಬಂದಂತೆ ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಕಾಕುವೇ ಕಣ್ಣಿನಿಂದ ತಡೆದಳು. ಸತ್ತವನ ಒಳ್ಳೆಯ ಹೆಸರು ಅವಳದಾಗಿತ್ತು, ಅಪ್ಪನಿಗಾಗಿ ಅದನ್ನು ಬಿಟ್ಟುಕೊಡುವ ಹಕ್ಕೂ ಅವಳದೇ ಎಂಬಂತೆ ಇತ್ತು ಆ ನೋಟ. ತನ್ನ ಕೈ ಸರಿಯಿದೆ ಎಂದು ನಂಬಿದ ಅಪ್ಪನೋ ತಿರುಪು ಬಿಗಿಯುವುದನ್ನು ಬಿಡಲಿಲ್ಲ. ಗಾಡಿಗಳು ಬರುತ್ತಲೇ ಇದ್ದವು, ಘಾಟುಗಳನ್ನು ಹತ್ತುತ್ತಲೇ ಇದ್ದವು. ಗುಜರಾತಿನವು, ಊರ ಕಡೆಯವು, ಮನೆಯಲ್ಲಿ ಯಾರೋ ಕಾಯುತ್ತಿರುವ ಡ್ರೈವರುಗಳವು. ಆ ಕೆಲವು ವರ್ಷ ನಾನು ಫೋನಿನ ಸದ್ದಿಗೆ ಬೆಚ್ಚುತ್ತಿದ್ದೆ.

ಈಗ ಅಲ್ಲಿ ಏನೂ ಇಲ್ಲ. ಗಲ್ಲಿಯ ಜಾಗದಲ್ಲಿ ಎತ್ತರದ ಬಿಲ್ಡಿಂಗ್ ಎದ್ದಿದೆ, ಮೇಲೆ ಮೆಟ್ರೋ ಓಡುತ್ತದೆ, ಹೊಸ ಗಾಡಿಗಳಲ್ಲಿ ಮುಳ್ಳಿನ ಬದಲು ದೀಪ ಹತ್ತುತ್ತದಂತೆ. ಅಪ್ಪನನ್ನು ಕೊನೆಗೂ ಪರೇಲ್‌ಗೆ ಕರೆದೊಯ್ದಾಗ ಡಾಕ್ಟರು ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಬೈದರು. ಅಪ್ಪ ಹೋದ, ಅವ್ವ ಹೋದಳು. ಕಾಕು ನನ್ನ ಮನೆಯಲ್ಲೇ ಇದ್ದು ಹೋದ ವರ್ಷ ತೀರಿಕೊಂಡಳು. ಅದಕ್ಕೇ ಈಗ ಇದನ್ನು ಬರೆಯುತ್ತಿದ್ದೇನೆ, ತಡೆಯುವ ಕಣ್ಣು ಈಗ ಯಾವುದೂ ಇಲ್ಲ.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆ ವರ್ಷಗಳ ಕಾಕು. ಅಂಗಡಿಯಿಂದ ಗಾಡಿ ಹೊರಟರೆ ಸಾಕು, ಕೆಲಸ ಬಿಟ್ಟು ಸೆರಗು ಸಿಕ್ಕಿಸಿ ಗಲ್ಲಿಯ ತುದಿಗೆ ಓಡುತ್ತಿದ್ದಳು. ಗಾಡಿಗೆ ಅಡ್ಡ ನಿಂತು ಕೈ ಎತ್ತುತ್ತಿದ್ದಳು. "ಭಾಯ್, ಏಕ್ ಬಾರ್ ಬಂದ್ ಕರೋ" ಎನ್ನುತ್ತಿದ್ದಳು. ಡ್ರೈವರು ಗೊಣಗುತ್ತ ಇಂಜಿನ್ ನಿಲ್ಲಿಸುತ್ತಿದ್ದ. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ಒಳಗೆ ಬಗ್ಗಿ, ಮುಳ್ಳು ಸೊನ್ನೆಗೆ ಇಳಿಯುವ ತನಕ ನೋಡುತ್ತಿದ್ದಳು. ಇಳಿಯದಿದ್ದರೆ ತಿರುಪು ತಾನೇ ಸಡಿಲಿಸಿ ನನ್ನ ಕೈಯಿಂದ ಬೊಟ್ಟು ಇಡಿಸುತ್ತಿದ್ದಳು. ಒಂದು ದಿನ ಅಪ್ಪ ಅಂಗಡಿಯ ಮುಂದೆ ನಿಂತು ದೂರದಿಂದ ಅವಳನ್ನು ನೋಡಿದ. ಗಾಡಿಯನ್ನು ಕಳಿಸಿ ಅವಳು ತಿರುಗಿ ಬಂದಾಗ ಮಮತೆಯಿಂದಲೇ ಅಂದ: "ಎಷ್ಟು ಕಾಳಜಿಲೆ ನೋಡ್ತೀಯವಾ. ಇದರಾಗ ಅರ್ಧರ ನಿನ್ನ ಗಂಡಗ ಇತ್ತಂದ್ರ, ಇವತ್ತ ಬದುಕಿರತಿದ್ದ."

ಕಾಕು ತಿರುಪಿನ ಮಸಿ ಹತ್ತಿದ ಬೆರಳುಗಳನ್ನು ಸೆರಗಿನೊಳಗೆ ಸರಿಸಿಕೊಂಡಳು. "ಹೂಂ ರಿ, ಭಾವಾರ" ಅಂದಳು. ಅವನಿಗೆ ಅರ್ಧ ಲೋಟ ಚಹಾ ತರಲು ಒಳಗೆ ಹೋದಳು.